ಶಕ್ತಿ, ಸಾಮರ್ಥ್ಯ, ಆಧಾರ: ನಮ್ಮ ಊರಿನ ಸೌರವಿದ್ಯುತ್ತನ್ನು ಮುಕ್ತ ವಿಶ್ವಕೋಶದಲ್ಲಿ ದಾಖಲಿಸುವ ಪಾಠ

ಪೀಠಿಕೆ

ಉಮರ್ಗಾ, ನಿಲಂಗಾ, ಉದಗೀರ್ ಭಾಗದ ಯಾವುದೇ ಹಳ್ಳಿಯ ತರಗತಿಯಲ್ಲಿ "ನಿಮ್ಮ ಹೊಲದ ಪಂಪಿಗೆ ಕರೆಂಟು ಯಾವಾಗ ಬರುತ್ತದೆ?" ಎಂದು ಕೇಳಿದರೆ ಉತ್ತರಿಸಲು ಹಲವು ಕೈಗಳು ಮೇಲೇಳುತ್ತವೆ. ಸರದಿಯ ಪ್ರಕಾರ ರಾತ್ರಿ ಮೂರು ಫೇಸ್ ವಿದ್ಯುತ್ ಬಂದಾಗ ಟಾರ್ಚು ಹಿಡಿದು ಹೊಲಕ್ಕೆ ಹೋಗುವ ತಂದೆ, ಹಾವು ಚೇಳುಗಳ ಭಯ, ನಿದ್ದೆಗೆಟ್ಟು ಕಾಯುವ ತಾಯಿ, ಇವೆಲ್ಲವೂ ಆ ಮಕ್ಕಳ ಮಾತಿನಲ್ಲಿ ಬರುತ್ತವೆ. ಈಚೆಗೆ ಒಬ್ಬಿಬ್ಬರ ಉತ್ತರ ಬೇರೆಯಾಗಿರುತ್ತದೆ: "ಸರ್, ನಮ್ದು ಸೋಲಾರ್ ಅದ, ಹಗಲೇ ನೀರು ಬಿಡ್ತೀವಿ." ಈ ಎರಡು ಉತ್ತರಗಳ ನಡುವಿನ ಅಂತರದಲ್ಲಿ ಒಂದು ದೇಶದ ಶಕ್ತಿಮೂಲ ಬದಲಾಗುತ್ತಿರುವ ಚರಿತ್ರೆಯೇ ಅಡಗಿದೆ.

ಆ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಯಾರು? ಈ ಭಾಗದ ವಿದ್ಯುತ್ ಕುರಿತ ಸುತ್ತೋಲೆ, ಜಾಹೀರಾತು, ಪತ್ರಿಕಾ ವರದಿಗಳು ಮರಾಠಿಯಲ್ಲಿವೆ. ರಾಷ್ಟ್ರಮಟ್ಟದ ಅಂಕಿಅಂಶಗಳು ಇಂಗ್ಲಿಷಿನಲ್ಲಿವೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಬರೆಯುವವರಿಗೆ ನಮ್ಮ ಊರುಗಳು ಕಣ್ಣಿಗೆ ಬೀಳುವುದು ಅಪರೂಪ. ಮರಾಠಿಯನ್ನು ಓದಿ, ಕನ್ನಡದಲ್ಲಿ ಬರೆದು, ಹೊಲದಲ್ಲಿ ಕಣ್ಣಾರೆ ಕಂಡು ಹೇಳಬಲ್ಲವರು ನಮ್ಮ ವಿದ್ಯಾರ್ಥಿಗಳು ಮಾತ್ರ. ಎರಡು ಭಾಷೆಗಳ ನಡುವೆ ಬೆಳೆಯುವುದು ಹೊರೆ ಎಂದು ಪಾಲಕರು ನಮ್ಮೆದುರು ಹೇಳಿಕೊಳ್ಳುವುದುಂಟು. ಅದು ಹೊರೆಯಲ್ಲ, ಬಲ ಎಂದು ತೋರಿಸಿಕೊಡುವ ಪಾಠವಿದು.

ಹತ್ತನೆಯ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನದ ಎರಡನೆಯ ಭಾಗದಲ್ಲಿ ಹಸಿರು ಶಕ್ತಿಯನ್ನು ಕುರಿತ ಪಾಠವಿದೆ. ಅದನ್ನು ಮುಗಿಸಿದ ಬಳಿಕ, ಭಾಷಾ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಜೊತೆಗೂಡಿ ಐದು ತಾಸುಗಳಲ್ಲಿ ಈ ಪಾಠವನ್ನು ನಡೆಸಬಹುದು. ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೂ ಇದು ಹೊಂದುತ್ತದೆ.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ವಿದ್ಯುತ್ತಿನ ಸಾಮರ್ಥ್ಯ ಮತ್ತು ಶಕ್ತಿಗಳ ವ್ಯತ್ಯಾಸವನ್ನು ಕಿಲೋವ್ಯಾಟ್ ಹಾಗೂ ಯೂನಿಟ್‌ಗಳ ಮೂಲಕ ಹೇಳುವನು.
2. ಮರಾಠಿ ಮೂಲದ ಮಾಹಿತಿಯನ್ನು ಅರ್ಥಕೆಡದಂತೆ ಕನ್ನಡದಲ್ಲಿ ಬರೆಯುವನು.
3. ಆಧಾರವಿರುವ ಮಾತನ್ನೂ ಆಧಾರವಿಲ್ಲದ ಮಾತನ್ನೂ ಬೇರ್ಪಡಿಸುವನು.
4. ಕನ್ನಡ ವಿಕಿಪೀಡಿಯದ ಒಂದು ಲೇಖನಕ್ಕೆ ಕನಿಷ್ಠ ಒಂದು ಉಲ್ಲೇಖಸಹಿತ ವಾಕ್ಯವನ್ನು ಸೇರಿಸಲು ಸಮರ್ಥನಾಗುವನು.

ವಿಷಯದ ಹಿನ್ನೆಲೆ: ವಿದ್ಯುತ್ತು ಮತ್ತು ನೀರು

ಕನ್ನಡ ನಾಡಿನಲ್ಲಿ ಜಲವಿದ್ಯುತ್ತಿಗೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಮರಾಠವಾಡದ ಕಥೆ ಬೇರೆ. ಇಲ್ಲಿ ಧುಮ್ಮಿಕ್ಕುವ ನದಿಗಳಿಲ್ಲ. ಈ ಭಾಗದ ದೊಡ್ಡ ವಿದ್ಯುತ್ ಕೇಂದ್ರವೆಂದರೆ ಬೀಡ್ ಜಿಲ್ಲೆಯ ಪರಳಿ ವೈಜನಾಥದ ಕಲ್ಲಿದ್ದಲಿನ ಸ್ಥಾವರ. ಕಲ್ಲಿದ್ದಲನ್ನು ಸುಟ್ಟರೆ ಸಾಲದು. ಹಬೆಗೂ ಅದನ್ನು ತಣಿಸುವುದಕ್ಕೂ ಅಪಾರ ನೀರು ಬೇಕು. 2013ರ ಬರಗಾಲದಲ್ಲಿ ನೀರಿಲ್ಲದೆ ಪರಳಿಯ ಸ್ಥಾವರ ನಿಂತಿತು. 2015ರಲ್ಲಿ ಮತ್ತೊಮ್ಮೆ ನಿಂತಿತು. ಅದರ ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ನಮ್ಮಲ್ಲಿ ಮರೆತವರಿಲ್ಲ.

ಸೌರಫಲಕಕ್ಕೆ ತೊಳೆಯುವಷ್ಟು ನೀರು ಸಾಕು. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂಬ ನಮ್ಮ ಭಾಗದ ಹಳೆಯ ಗೋಳಿಗೆ ಇಲ್ಲಿ ಹೊಸ ಅರ್ಥ ಬರುತ್ತದೆ. ಮಹಾರಾಷ್ಟ್ರ ಸರಕಾರವು 2017ರಲ್ಲಿ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯನ್ನು ಆರಂಭಿಸಿತು. ಉಪಕೇಂದ್ರಗಳ ಸಮೀಪದ ಭೂಮಿಯಲ್ಲಿ ಸೌರ ಸ್ಥಾವರಗಳನ್ನು ನಿಲ್ಲಿಸಿ, ಕೃಷಿ ಪಂಪುಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡುವುದು ಅದರ ಗುರಿ. ಕೇಂದ್ರ ಸರಕಾರದ ಪಿಎಂ-ಕುಸುಮ್ ಯೋಜನೆ 2019ರದು. ಬಿಡಿ ಬಿಡಿಯಾಗಿ ರೈತರಿಗೆ ಸೌರ ಪಂಪು ನೀಡುವ ರಾಜ್ಯದ 'ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ್' ಯೋಜನೆಯಲ್ಲಿ ಸಾಮಾನ್ಯ ರೈತನು ವೆಚ್ಚದ ಶೇ. 10ರಷ್ಟನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರೈತನು ಶೇ. 5ರಷ್ಟನ್ನು ಭರಿಸಬೇಕು. ಇವು ಮಕ್ಕಳ ಮನೆಯ ಮಾತುಗಳೇ ಆಗಿರುವುದರಿಂದ ಪಾಠವನ್ನು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಮುಕ್ತ ಜ್ಞಾನ ವೇದಿಕೆಗಳ ಪರಿಚಯ

ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ, ಸ್ವಯಂಸೇವಕರೇ ಬರೆದು ಕಾಯುವ ಜ್ಞಾನಕೋಶಗಳನ್ನು ಇಲ್ಲಿ ಮುಕ್ತ ಜ್ಞಾನ ವೇದಿಕೆಗಳೆಂದು ಕರೆದಿದ್ದೇವೆ. ನಮ್ಮ ಪಾಠಕ್ಕೆ ನಾಲ್ಕು ವೇದಿಕೆಗಳು ಸಾಕು.

ಕನ್ನಡ ವಿಕಿಪೀಡಿಯ: 2003ರಲ್ಲಿ ಆರಂಭವಾದ ವಿಶ್ವಕೋಶ. ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. ಇಲ್ಲಿ ಸ್ವಂತ ಅಭಿಪ್ರಾಯಕ್ಕೂ ಸ್ವಂತ ಸಂಶೋಧನೆಗೂ ಸ್ಥಳವಿಲ್ಲ. ಪ್ರಕಟವಾದ ಆಧಾರವಿರುವ ಮಾತು ಮಾತ್ರ ನಿಲ್ಲುತ್ತದೆ.

ವಿಕಿಮೀಡಿಯ ಕಾಮನ್ಸ್: ಮುಕ್ತ ಪರವಾನಗಿಯ ಚಿತ್ರಗಳ ಭಂಡಾರ. ನಾವೇ ತೆಗೆದ ಛಾಯಾಚಿತ್ರವನ್ನು, ದಿನಾಂಕ ಮತ್ತು ಸ್ಥಳದ ವಿವರಣೆಯೊಂದಿಗೆ ಇಲ್ಲಿ ಸೇರಿಸಬಹುದು.

ವಿಕಿಡೇಟಾ: 2012ರಿಂದ ನಡೆಯುತ್ತಿರುವ ದತ್ತಾಂಶ ಕೋಶ. ಒಂದು ಸ್ಥಾವರದ ಸಾಮರ್ಥ್ಯ, ಆರಂಭದ ವರ್ಷ, ತಾಲೂಕು ಮುಂತಾದವುಗಳನ್ನು ಇಲ್ಲಿ ಒಮ್ಮೆ ಸರಿಯಾಗಿ ನಮೂದಿಸಿದರೆ ಎಲ್ಲ ಭಾಷೆಗಳಿಗೂ ಅದು ದೊರೆಯುತ್ತದೆ. ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸುವುದು ಮಗುವಿಗೆ ಅತ್ಯಂತ ಸುಲಭವಾದ ಮೊದಲ ಕೆಲಸ.

ಓಪನ್‌ಸ್ಟ್ರೀಟ್‌ಮ್ಯಾಪ್: 2004ರಲ್ಲಿ ಆರಂಭವಾದ ಮುಕ್ತ ಭೂಪಟ. ಸೌರ ಸ್ಥಾವರ, ಉಪಕೇಂದ್ರ, ಗಾಳಿಯಂತ್ರಗಳ ಜಾಗವನ್ನು ಕಣ್ಣಾರೆ ಕಂಡವರೇ ಇಲ್ಲಿ ಗುರುತಿಸಬಹುದು.

ಕಣ್ಣಾರೆ ಕಂಡದ್ದಕ್ಕೆ ಎಲ್ಲಿ ಬೆಲೆ, ಅಚ್ಚಾದದ್ದಕ್ಕೆ ಎಲ್ಲಿ ಬೆಲೆ ಎಂಬ ವ್ಯತ್ಯಾಸವನ್ನು ಶಿಕ್ಷಕರು ಮೊದಲೇ ಸ್ಪಷ್ಟಪಡಿಸಬೇಕು. "ನಮ್ಮ ಹೊಲದಲ್ಲಿ ಕಳೆದ ದೀಪಾವಳಿಗೆ ಸೌರ ಪಂಪು ಕೂಡಿಸಿದರು" ಎಂಬುದು ನಿಜವೇ ಆದರೂ ವಿಕಿಪೀಡಿಯದಲ್ಲಿ ನಿಲ್ಲದು. ಅದೇ ಪಂಪಿನ ಚಿತ್ರ ಕಾಮನ್ಸ್‌ನಲ್ಲಿ ನಿಲ್ಲುತ್ತದೆ. ಊರಾಚೆಯ ಸೌರ ಸ್ಥಾವರದ ಜಾಗ ಭೂಪಟದಲ್ಲಿ ನಿಲ್ಲುತ್ತದೆ. ತಾಲೂಕಿನಲ್ಲಿ ಎಷ್ಟು ಪಂಪುಗಳು ಬಂದಿವೆ ಎಂದು ಪತ್ರಿಕೆಯೋ ಮಹಾವಿತರಣವೋ ಪ್ರಕಟಿಸಿದರೆ ಆ ಮಾತು ವಿಕಿಪೀಡಿಯಕ್ಕೂ ಸಲ್ಲುತ್ತದೆ.

ಗಡಿಭಾಗದ ವಿಶೇಷ ತೊಡಕು: ಒಂದೇ ಶಬ್ದ, ಎರಡು ಅರ್ಥ

ಈ ಪಾಠದ ತಿರುಳು ಇಲ್ಲಿದೆ. ಮರಾಠಿಯ ವಿಜ್ಞಾನ ಬರವಣಿಗೆಯಲ್ಲಿ ಕೆಲಸ ಮಾಡುವ ಕ್ಷಮತೆಗೆ 'ಊರ್ಜಾ' ಎನ್ನುತ್ತಾರೆ. ಆ ಕೆಲಸ ನಡೆಯುವ ವೇಗಕ್ಕೆ 'ಶಕ್ತಿ' ಎನ್ನುತ್ತಾರೆ. ಕನ್ನಡದಲ್ಲಿ ಮೊದಲನೆಯದೇ 'ಶಕ್ತಿ', ಎರಡನೆಯದು 'ಸಾಮರ್ಥ್ಯ'. ಹೀಗಾಗಿ ಮರಾಠಿ ವಾಕ್ಯದ 'ಶಕ್ತಿ'ಯನ್ನು ಮಗು ಹಾಗೆಯೇ ಕನ್ನಡಕ್ಕೆ ಎತ್ತಿ ಇಟ್ಟರೆ ಲಿಪಿ ಬದಲಾಗುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಶಬ್ದ ಪರಿಚಿತವಾದುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ತರಬೇತಿಗಾಗಿ ಮರಾಠಿ ವರದಿಯೊಂದರಿಂದ ಸಿದ್ಧಪಡಿಸಿದ ಟಿಪ್ಪಣಿಯಲ್ಲಿ "ಈ ಸ್ಥಾವರವು ದಿನಕ್ಕೆ ಇಷ್ಟು ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸುತ್ತದೆ" ಎಂದು ಬರೆದಿದ್ದೆ. ಗಣಿತ ಶಿಕ್ಷಕಿಯೊಬ್ಬರು ಎದ್ದುನಿಂತು, "ಸರ್, ವ್ಯಾಟ್ ಎಂದರೆ ಸೆಕೆಂಡಿಗೆ ಇಷ್ಟು ಜೂಲ್ ಎಂದಲ್ಲವೇ? ಕಾಲ ಅದರೊಳಗೇ ಇದೆ. 'ದಿನಕ್ಕೆ' ಎಂದು ಮತ್ತೇಕೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಾನು ಆ ದಿನ ಕನ್ನಡದ ಎರಡು ಶಬ್ದಗಳನ್ನು ಹೊಸದಾಗಿ ಕಲಿತೆ. ಆ ಟಿಪ್ಪಣಿಯೇ ಈ ಪಾಠದ ಬೀಜ.

ತರಗತಿಯಲ್ಲಿ ಇದನ್ನು ಬಾವಿಯ ಪಂಪಿನಿಂದ ವಿವರಿಸಬಹುದು. 5 ಅಶ್ವಶಕ್ತಿಯ ಪಂಪಿನ ಸಾಮರ್ಥ್ಯವು 5 × 746 = 3730 ವ್ಯಾಟ್, ಅಂದರೆ ಸುಮಾರು 3.7 ಕಿಲೋವ್ಯಾಟ್. ಪಂಪು ನಡೆಯಲಿ, ನಿಲ್ಲಲಿ, ಅದರ ಮೇಲೆ ಬರೆದ ಸಾಮರ್ಥ್ಯ ಬದಲಾಗದು. ಪೂರ್ಣ ಹೊರೆಯಲ್ಲಿ ಅದು 6 ತಾಸು ನಡೆದರೆ ಸುಮಾರು 22 ಕಿಲೋವ್ಯಾಟ್-ಗಂಟೆ, ಅಂದರೆ 22 ಯೂನಿಟ್ ಶಕ್ತಿ ಖರ್ಚಾಗುತ್ತದೆ. ಸಾಮರ್ಥ್ಯ ಪಂಪಿನ ಮೇಲಿರುತ್ತದೆ, ಶಕ್ತಿ ಮೀಟರಿನಲ್ಲಿರುತ್ತದೆ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. 'ಅಶ್ವಶಕ್ತಿ' ಎಂಬ ರೂಢಿಯ ಮಾತಿನಲ್ಲಿಯೂ 'ಶಕ್ತಿ' ಇದೆಯಲ್ಲ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಕೇಳಲಿ. ಅಶ್ವಶಕ್ತಿಯು ಸಾಮರ್ಥ್ಯದ ಏಕಮಾನ, ಹೆಸರು ಮಾತ್ರ ಹಳೆಯ ರೂಢಿಯದು ಎಂದು ಉತ್ತರಿಸಬೇಕು.

ಇನ್ನು ಕೆಲವು ಶಬ್ದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿಸಿರಿ.
ಮರಾಠಿಯ 'ಸ್ಥಾಪಿತ ಕ್ಷಮತಾ': ಕನ್ನಡದಲ್ಲಿ ಸ್ಥಾಪಿತ ಸಾಮರ್ಥ್ಯ.
ಮರಾಠಿಯ 'ವೀಜ್': ಕನ್ನಡದಲ್ಲಿ ವಿದ್ಯುತ್ತು, ಆಡುಮಾತಿನಲ್ಲಿ ಕರೆಂಟು.
ಮರಾಠಿಯ 'ಪ್ರಕಲ್ಪ': ಸಂದರ್ಭ ನೋಡಿ ಸ್ಥಾವರ ಅಥವಾ ಯೋಜನೆ.
ಮರಾಠಿಯ 'ರೋಹಿತ್ರ': ಕನ್ನಡದಲ್ಲಿ ವಿದ್ಯುತ್ ಪರಿವರ್ತಕ. ನಮ್ಮ ಹಳ್ಳಿಗಳಲ್ಲಿ ಇದನ್ನು 'ಡಿ.ಪಿ.' ಎನ್ನುತ್ತಾರೆ, ಗಡಿ ದಾಟಿದರೆ 'ಟಿ.ಸಿ.' ಎನ್ನುತ್ತಾರೆ.

ಈ ಕೊನೆಯ ಸಾಲನ್ನು ಓದಿದಾಗ ತರಗತಿ ನಗುತ್ತದೆ. ಆ ನಗೆಯನ್ನು ತಡೆಯಬೇಡಿರಿ. ಭಾಷೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶವಿಲ್ಲ.

ಪಾಠ ನಡೆಸುವ ಕ್ರಮ

ಮೊದಲನೆಯ ತಾಸು: ನೋಡುವುದು. ವಿದ್ಯಾರ್ಥಿಗಳು ಮನೆಯ ವಿದ್ಯುತ್ ಬಿಲ್ಲನ್ನು ತರಲಿ. ಗ್ರಾಹಕ ಸಂಖ್ಯೆ ಮತ್ತು ಹೆಸರನ್ನು ಕಾಗದದಿಂದ ಮುಚ್ಚಿಸಿರಿ. ಮಂಜೂರಾದ ಹೊರೆ ಕಿಲೋವ್ಯಾಟ್‌ನಲ್ಲಿಯೂ ಬಳಕೆ ಯೂನಿಟ್‌ನಲ್ಲಿಯೂ ಇರುವುದನ್ನು ಅವರೇ ಹುಡುಕಲಿ. ಬಿಲ್ಲಿಲ್ಲದ ಮನೆಯ ಮಗುವಿಗೆ ಮುಜುಗರವಾಗದಂತೆ ಗುಂಪಿನಲ್ಲಿಯೇ ಈ ಕೆಲಸ ಮಾಡಿಸುವುದು ಉಚಿತ.

ಎರಡನೆಯ ತಾಸು: ಲೆಕ್ಕ ಹಾಕುವುದು. ಕರ್ನಾಟಕದ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವನ್ನು ಉದಾಹರಣೆಯಾಗಿ ಕೊಡಿರಿ. ಪಾವಗಡವೂ ನಮ್ಮಂತೆಯೇ ಬರದ ನಾಡು, ನಮ್ಮಂತೆಯೇ ಗಡಿಯ ತಾಲೂಕು. ಅದರ ಸ್ಥಾಪಿತ ಸಾಮರ್ಥ್ಯ 2050 ಮೆಗಾವ್ಯಾಟ್, ಅಂದರೆ 20,50,000 ಕಿಲೋವ್ಯಾಟ್. ದಿನದ 24 ತಾಸೂ ಪೂರ್ಣವಾಗಿ ನಡೆದಿದ್ದರೆ 4,92,00,000 ಯೂನಿಟ್ ಬರಬೇಕಿತ್ತು. ಆದರೆ ರಾತ್ರಿ ಬಿಸಿಲಿಲ್ಲ. ಬೆಳಿಗ್ಗೆ, ಸಂಜೆ, ಮೋಡದ ದಿನಗಳಲ್ಲಿ ಬಿಸಿಲು ಕಡಿಮೆ. ಐದನೆಯ ಒಂದು ಭಾಗ ದೊರೆಯಿತೆಂದು ಹಿಡಿದರೆ ಉತ್ಪಾದನೆ 98,40,000 ಯೂನಿಟ್. ದೇಶದ ಅಂಕಿಗಳನ್ನು ಓದುವಾಗಲೂ ಈ ಲೆಕ್ಕ ಬೇಕು. 2025ರಲ್ಲಿ ಭಾರತದ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಯಿತು. ಆದರೆ ವರ್ಷವಿಡೀ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಎರಡೂ ಮಾತು ನಿಜ. ಸಾಮರ್ಥ್ಯ ಮತ್ತು ಶಕ್ತಿಯ ಭೇದ ತಿಳಿಯದವನಿಗೆ ಮಾತ್ರ ಒಂದು ಮಾತು ಸುಳ್ಳೆಂದು ತೋರುತ್ತದೆ.

ಮೂರನೆಯ ತಾಸು: ತಿದ್ದುವುದು. ಈ ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ: "ಪಾವಗಡದ ಭವ್ಯ ಸೌರ ಉದ್ಯಾನವು ದಿನಕ್ಕೆ 2050 ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸಿ ರೈತರ ಬಾಳನ್ನು ಬೆಳಗಿಸಿದೆ." ಇದರಲ್ಲಿ ನಾಲ್ಕು ದೋಷಗಳಿವೆ. 'ಭವ್ಯ' ಎಂಬುದು ಹೊಗಳಿಕೆ. 'ದಿನಕ್ಕೆ' ಎಂಬುದು ತಪ್ಪು. 'ಶಕ್ತಿ' ಎಂದಿರುವಲ್ಲಿ 'ಸಾಮರ್ಥ್ಯ' ಬೇಕು. 'ಬಾಳನ್ನು ಬೆಳಗಿಸಿದೆ' ಎಂಬುದಕ್ಕೆ ಆಧಾರವಿಲ್ಲ. ತಿದ್ದಿದ ರೂಪ ಹೀಗಿರಬಹುದು: "ಪಾವಗಡ ತಾಲೂಕಿನ ಸೌರ ಉದ್ಯಾನದ ಸ್ಥಾಪಿತ ಸಾಮರ್ಥ್ಯ 2050 ಮೆಗಾವ್ಯಾಟ್. ಇದಕ್ಕಾಗಿ ಸುಮಾರು 13,000 ಎಕರೆ ಭೂಮಿಯನ್ನು ಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ಗುತ್ತಿಗೆ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ." ಬಳಿಕ ಒಂದು ಪ್ರಶ್ನೆ ಕೇಳಿರಿ: ಭೂಮಿಯಿದ್ದವರಿಗೆ ಗುತ್ತಿಗೆ ಹಣ ಬಂತು, ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನಾಯಿತು? ಪತ್ರಿಕೆಗಳು ಇದನ್ನೂ ವರದಿ ಮಾಡಿವೆ. ವಿಶ್ವಕೋಶದ ನಿಷ್ಪಕ್ಷಪಾತವೆಂದರೆ ಮೌನವಲ್ಲ. ಆಧಾರವಿರುವ ಎರಡು ಕಡೆಯ ಮಾತಿಗೂ ತಕ್ಕಷ್ಟು ಸ್ಥಳ ಕೊಡುವುದು.

ನಾಲ್ಕನೆಯ ತಾಸು: ಆಧಾರ ಹುಡುಕುವುದು. ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ಮರಾಠಿ ಪತ್ರಿಕೆಯ ವರದಿಯನ್ನೋ ಮಹಾವಿತರಣದ ಪ್ರಕಟಣೆಯನ್ನೋ ಕೊಡಿರಿ. ಯಾರು ಹೇಳಿದರು, ಯಾವ ದಿನ ಹೇಳಿದರು, ಅಂಕಿಯ ಏಕಮಾನವೇನು, ಯೋಜನೆ ಮಂಜೂರಾಗಿದೆಯೇ ಅಥವಾ ಕೆಲಸ ಮುಗಿದಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿಸಿರಿ. ಕೊನೆಯ ಪ್ರಶ್ನೆ ಮುಖ್ಯವಾದುದು. ಘೋಷಿಸಿದ್ದು, ಮಂಜೂರಾದದ್ದು, ನಿರ್ಮಾಣದಲ್ಲಿರುವುದು, ವಿದ್ಯುತ್ ಕೊಡುತ್ತಿರುವುದು, ಈ ನಾಲ್ಕು ಹಂತಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ. ರಾಷ್ಟ್ರದ ಅಂಕಿಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾಸಿಕ ವರದಿಗಳನ್ನು ನೋಡಬಹುದು. ಪ್ರತಿ ಅಂಕಿಯ ಮುಂದೆ ಅದು ಯಾವ ತಿಂಗಳಿನದು ಎಂದು ಬರೆಯಬೇಕು. 'ಈಗ', 'ಪ್ರಸ್ತುತ' ಎಂದು ಬರೆದದ್ದು ಮರುವರ್ಷ ಸುಳ್ಳಾಗುತ್ತದೆ.

ಐದನೆಯ ತಾಸು: ಬರೆಯುವುದು. ಶಿಕ್ಷಕರು ಮುಂಚಿತವಾಗಿಯೇ ತಮ್ಮ ಖಾತೆ ತೆರೆದು ಒಂದೆರಡು ವಾರ ಅಭ್ಯಾಸ ಮಾಡಿರಬೇಕು. ಮಗು ಮೊದಲು 'ಪ್ರಯೋಗಪುಟ'ದಲ್ಲಿ ಬರೆಯಲಿ, ಜೊತೆಗಾರ ಓದಲಿ, ಶಿಕ್ಷಕರು ನೋಡಲಿ. ಆಮೇಲೆ ಮಾತ್ರ ಲೇಖನಕ್ಕೆ ಸೇರಲಿ. ಸೌರ ಪಂಪಿನ ಮೇಲೆ ಹೊಸ ಲೇಖನ ಬರೆಯುವ ಆತುರ ಬೇಡ. ತಾಲೂಕಿನ ಲೇಖನದಲ್ಲಿ 'ವಿದ್ಯುತ್ ಮತ್ತು ನೀರಾವರಿ' ಎಂಬ ಚಿಕ್ಕ ವಿಭಾಗ ಸಾಕು. ಅನುಮಾನ ಬಂದರೆ ಲೇಖನದ ಚರ್ಚಾಪುಟದಲ್ಲಿ ಕೇಳಬೇಕು. ಎಲ್ಲರೂ ಸೇರಿ ಮಾತನಾಡುವ ಪುಟಕ್ಕೆ ಕನ್ನಡ ವಿಕಿಪೀಡಿಯದಲ್ಲಿ 'ಅರಳಿಕಟ್ಟೆ' ಎಂಬ ಹೆಸರಿದೆ. ಊರ ಕಟ್ಟೆಯ ಮೇಲೆ ಹಿರಿಯರೆದುರು ಮಾತನಾಡುವ ಮರ್ಯಾದೆಯೇ ಅಲ್ಲಿಯೂ ಸಲ್ಲುತ್ತದೆ.

ಶಿಕ್ಷಕರಿಗೆ ಎಚ್ಚರಿಕೆಗಳು

1. ಒಂದು ಖಾತೆ ಒಬ್ಬರಿಗೆ ಮಾತ್ರ. ಶಾಲೆಯ ಹೆಸರಿನ ಸಾಮೂಹಿಕ ಖಾತೆ ಸಲ್ಲದು. ಒಂದೇ ಅಂತರಜಾಲ ಸಂಪರ್ಕದಿಂದ ದಿನಕ್ಕೆ ಆರು ಖಾತೆಗಳನ್ನು ಮಾತ್ರ ತೆರೆಯಬಹುದಾದ್ದರಿಂದ ಮೊದಲೇ ತೆರೆಯಿಸಿರಿ.
2. ಮಕ್ಕಳ ನಿಜನಾಮ, ಶಾಲೆ, ದೂರವಾಣಿ, ಮುಖಚಿತ್ರ ಎಲ್ಲಿಯೂ ಬರಬಾರದು. ಪಾಲಕರ ಒಪ್ಪಿಗೆ ಪಡೆಯಿರಿ.
3. ಪಠ್ಯಪುಸ್ತಕದ ಅಥವಾ ಪತ್ರಿಕೆಯ ವಾಕ್ಯಗಳನ್ನು ಹಾಗೆಯೇ ಇಳಿಸಬಾರದು. ಮಾಹಿತಿ ಎಲ್ಲರದು, ವಾಕ್ಯ ಬರೆದವರದು.
4. ಯಂತ್ರಾನುವಾದವನ್ನು ಹಾಗೆಯೇ ಹಾಕಬಾರದು. ಸುಮಾರು 2010ರ ವೇಳೆಗೆ ಗೂಗಲ್‌ನ ಅನುವಾದ ಸಾಧನದಿಂದ ಕನ್ನಡ ವಿಕಿಪೀಡಿಯಕ್ಕೆ ಬಂದ ಹಲವು ಲೇಖನಗಳ ಭಾಷೆಯನ್ನು ತಿದ್ದಲು ಸ್ವಯಂಸೇವಕರು ಬಹಳ ಶ್ರಮಪಡಬೇಕಾಯಿತು.
5. ಚಿತ್ರ ತೆಗೆಯಲು ಬೇಲಿ ದಾಟಬಾರದು, ಫಲಕದ ತಂತಿ ಮುಟ್ಟಬಾರದು. ಹೊಲದ ಒಡೆಯರ ಅನುಮತಿ ಕೇಳಬೇಕು.
6. ಹೆಸರುಗಳ ವಿಷಯದಲ್ಲಿ ವಾದಕ್ಕಿಳಿಯಬೇಡಿರಿ. ಉಸ್ಮಾನಾಬಾದ್ ಜಿಲ್ಲೆಯ ಹೆಸರು 2023ರಿಂದ ಧಾರಾಶಿವ. ಹಳೆಯ ದಾಖಲೆಯನ್ನು ಹುಡುಕುವಾಗ ಎರಡೂ ಹೆಸರುಗಳು ಬೇಕಾಗುತ್ತವೆ.
7. ಬರೆದದ್ದನ್ನು ಇನ್ನೊಬ್ಬರು ಅಳಿಸಿದರೆ ಮಗು ಕುಗ್ಗುತ್ತದೆ. ಪುಟದ ಇತಿಹಾಸವನ್ನು ತೆರೆದು, ಅಳಿಸಿದ ಕಾರಣವನ್ನು ಜೊತೆಗೂಡಿ ಓದಿರಿ. ಕಾರಣ ಸರಿಯಿದ್ದರೆ ಆಧಾರ ಹುಡುಕಿರಿ. ಸರಿಯಿಲ್ಲದಿದ್ದರೆ ಚರ್ಚಾಪುಟದಲ್ಲಿ ವಿನಯದಿಂದ ಕೇಳಿರಿ.

ಮೌಲ್ಯಮಾಪನ

ಎಷ್ಟು ಬರೆದರು ಎಂಬುದಕ್ಕೆ ಅಂಕ ಕೊಡಬೇಡಿರಿ. ಒಂದು ವಾಕ್ಯವಾದರೂ ಸಾಕು. ಅದನ್ನು ಈ ಐದು ಪ್ರಶ್ನೆಗಳಿಂದ ಪರೀಕ್ಷಿಸಿರಿ. ಏಕಮಾನ ಸರಿಯೇ? ದಿನಾಂಕವಿದೆಯೇ? ಆಧಾರವಿದೆಯೇ? ಹೊಗಳಿಕೆ ಅಥವಾ ತೆಗಳಿಕೆ ನುಸುಳಿದೆಯೇ? ಮನೆಯ ಹಿರಿಯರಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡವೇ? ಒಂದೊಂದಕ್ಕೂ ಎರಡು ಅಂಕ. ಅಂತರಜಾಲವಿಲ್ಲದ ಶಾಲೆಗಳಲ್ಲಿ ಇದೇ ಕೆಲಸವನ್ನು ಭಿತ್ತಿಪತ್ರಿಕೆಯಲ್ಲಿ ಮಾಡಿಸಿ, ಮುಂದೆ ಕೇಂದ್ರದ ಮಾಸಿಕ ಸಭೆಗೆ ಬಂದಾಗ ಶಿಕ್ಷಕರೇ ವೇದಿಕೆಗೆ ಸೇರಿಸಬಹುದು.

ಸಮಾರೋಪ

1956ರ ನವೆಂಬರ್ 1ರವರೆಗೆ ಉದಗೀರ್ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯಗಳ ಗಡಿ ಬದಲಾಯಿತು. ಮನೆಯ ಮಾತು ಬದಲಾಗಲಿಲ್ಲ. ಆದರೆ ಯಾವ ಭಾಷೆಯಲ್ಲಿ ಹಳೆಯ ನೆನಪುಗಳನ್ನು ಮಾತ್ರ ಬರೆದು, ಇಂದಿನ ವಿಷಯವನ್ನು ಬರೆಯುವುದಿಲ್ಲವೋ ಆ ಭಾಷೆ ಮಕ್ಕಳಿಗೆ ಅಜ್ಜಿಯ ಪೆಟ್ಟಿಗೆಯಂತೆ ಕಾಣತೊಡಗುತ್ತದೆ: ಪ್ರೀತಿಯದು, ಆದರೆ ನಿತ್ಯದ ಬಳಕೆಗಲ್ಲ. ಸೌರಫಲಕದ ಸಾಮರ್ಥ್ಯವನ್ನೂ ಮೀಟರಿನ ಯೂನಿಟ್‌ನ್ನೂ ಮಹಾವಿತರಣದ ಪ್ರಕಟಣೆಯನ್ನೂ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಬಲ್ಲ ಮಗುವಿಗೆ "ಕನ್ನಡ ಕಲಿತು ಏನು ಮಾಡುತ್ತೀ?" ಎಂಬ ಪ್ರಶ್ನೆಗೆ ಉತ್ತರ ಹೇಳಿಕೊಡಬೇಕಾಗಿಲ್ಲ.

ಶಿಕ್ಷಕ ಬಂಧುಗಳು ಈ ವರ್ಷ ತಮ್ಮ ತಾಲೂಕಿನ ಲೇಖನವನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿ. ಅದರಲ್ಲಿ ವಿದ್ಯುತ್ತಿನ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಆ ಸಾಲು ನಿಮ್ಮ ತರಗತಿಯ ಬೆಂಚಿನ ಮೇಲೆಯೇ ಕುಳಿತಿದೆ ಎಂದು ತಿಳಿಯಿರಿ.